ಮೇಜಿನ ಕಾಲಡಿಯ ಕಾಗದ

ಮೂವತ್ತಮೂರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಹೆಂಗಸೊಬ್ಬಳು ಬೇರೊಬ್ಬರ ವಾಕ್ಯದೊಳಗೆ ತನ್ನದೊಂದು ಮಾತನ್ನು ತೂರಿಸಿದಳೆಂದರೆ ಆ ಕಸುಬಿನವರು ಯಾರೂ ನಂಬಲಾರರು. ಕಾಗುಣಿತ ತಪ್ಪಿದ್ದರೆ ತಿದ್ದಬೇಕು. ಸಾಲು ಬಿಟ್ಟುಹೋಗಿದ್ದರೆ ಅಂಚಿನಲ್ಲಿ ಗುರುತು ಹಾಕಬೇಕು. ಬರೆದವರು ಎಷ್ಟೇ ಅಸಂಬದ್ಧವಾಗಿ ಬರೆದಿರಲಿ, ಅವರ ಮಾತಿಗೆ ಕೈ ಹಚ್ಚಬಾರದು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ಕಟ್ಟಳೆಯನ್ನು ಹೇಳಿಕೊಡುತ್ತಿದ್ದವಳು, ಅಲ್ಲಿ ಎಲ್ಲರೂ ಕರಡಕ್ಕ ಎಂದು ಕರೆಯುತ್ತಿದ್ದ ಆಕೆಯೇ. ಅಂಥವಳು ತನ್ನ ಮನೆಯ ನಡುಕೋಣೆಯಲ್ಲಿ ಹೆತ್ತ ತಾಯಿಯ ಎದುರು ಕುಳಿತು, ಅಚ್ಚಾದ ಪುಸ್ತಕವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದಿದಳು.

ತಾಯಿಗೆ ಎಪ್ಪತ್ತೆಂಟು. ಕಣ್ಣಿನ ಶಸ್ತ್ರಚಿಕಿತ್ಸೆ ಆದ ಮೇಲೂ ಬೆಳಕು, ನೆರಳು, ಎದುರಿಗಿರುವವರ ಆಕಾರ, ಇಷ್ಟರ ಹೊರತು ಆಕೆಗೆ ಏನೂ ಕಾಣುತ್ತಿರಲಿಲ್ಲ. ಆದುದರಿಂದ ಕರಡಕ್ಕ ಪ್ರತಿ ಸಂಜೆ ಕೆಲಸದಿಂದ ಬಂದು, ಮುಖ ತೊಳೆದು, ಚಹಾ ಕುಡಿದು, ಒಂದು ಗಂಟೆ ಆಕೆಗೆ ಓದಿ ಹೇಳುವುದು ಆ ಮನೆಯ ನಿಯಮವಾಗಿತ್ತು. ತಮ್ಮನ ಹೆಂಡತಿ ಅಡುಗೆಮನೆಯ ಹೊಸಿಲಲ್ಲಿ ತರಕಾರಿ ಹೆಚ್ಚುತ್ತ ಕೇಳುತ್ತಿದ್ದಳು. ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತನಾಗಿದ್ದ ತಮ್ಮ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, ಕೇಳುತ್ತಿಲ್ಲವೆಂಬ ನಟನೆಯಲ್ಲಿ ಕೇಳುತ್ತಿದ್ದನು. ಪಕ್ಕದ ಮನೆಯ ದರ್ಜಿ ಹೆಂಗಸು ಗುಂಡಿ ಹಾಕುವ ಕೆಲಸವನ್ನು ಅಲ್ಲಿಗೇ ಹೊತ್ತು ತರುತ್ತಿದ್ದಳು.

ಆಕೆ ಹಾಗೆ ಓದಿದ ಪುಸ್ತಕ ಒಂದು ಕಾದಂಬರಿ; ಅದರ ಎರಡನೆಯ ಮುದ್ರಣ ಕರಡಕ್ಕನ ಮುದ್ರಣಾಲಯದಲ್ಲೇ ಆಗಿತ್ತು. ಮದುವೆಯಾಗದೆ ಐವತ್ತಕ್ಕೆ ಬಂದ ಹೆಂಗಸೊಬ್ಬಳ ಕಥೆ, ಪುಟಪುಟಕ್ಕೂ ನಗೆ. ಊರೆಲ್ಲ ಅದನ್ನೇ ಓದುತ್ತಿತ್ತು, ಓದಿದವರೆಲ್ಲ ಜಗಳವಾಡುತ್ತಿದ್ದರು. ಬಾಯ್ತುಂಬ ಹೊಗಳಿದವರೂ ಇದ್ದರು, ಹೆಂಗಸರ ಮಾನ ಕಳೆಯಿತೆಂದು ಮೂಗು ಮುರಿದವರೂ ಇದ್ದರು. ಕರಡು ತಿದ್ದುವಾಗಲೇ ಅದರ ಹದಿನಾಲ್ಕನೆಯ ಅಧ್ಯಾಯವನ್ನು ಕಂಡಿದ್ದ ಕರಡಕ್ಕ, ಈ ಪುಸ್ತಕ ತನ್ನ ಮನೆಯ ಬಾಗಿಲು ತುಳಿಯದಿರಲಿ ಎಂದುಕೊಂಡಿದ್ದಳು. ಆದರೆ ದರ್ಜಿ ಹೆಂಗಸು ಸುಮ್ಮನಿರಬೇಕಲ್ಲ.

"ಅಜ್ಜೀ, ನಿಮ್ಮ ಮಗಳ ಪ್ರೆಸ್ಸಲ್ಲೇ ಆಗಿರೋ ಪುಸ್ತಕವಂತೆ. ನಕ್ಕು ನಕ್ಕು ನನ್ನ ಗಿರಾಕಿಯೊಬ್ಬಳು ಅಳತೆ ಕೊಡೋಕೂ ನಿಲ್ಲಕ್ಕಾಗ್ಲಿಲ್ಲ."

"ಹೌದೇನೇ? ನನಗೆ ಯಾಕೆ ತಂದು ಓದಲಿಲ್ಲ ನೀನು?" ಎಂದು ತಾಯಿ ಮಗಳ ಕಡೆ ತಿರುಗಿದಳು.

"ಅಂಥಾದ್ದೇನೂ ಇಲ್ಲ ಬಿಡಮ್ಮ ಅದರಲ್ಲಿ."

"ಇದೆಯೋ ಇಲ್ಲವೋ ನಾನು ಹೇಳ್ತೀನಿ. ತಾ."

ತಂದಳು. ತರದಿದ್ದರೆ ಯಾಕೆಂದು ಹೇಳಬೇಕಾಗುತ್ತಿತ್ತು.

ಮೊದಲ ವಾರ ಆ ಮನೆ ಅಷ್ಟು ನಕ್ಕದ್ದು ಹಿಂದೆಂದೂ ಇರಲಿಲ್ಲ. ಕಥೆಯ ನಾಯಕಿ ತಾಯಿಯೊಂದಿಗೆ ಬಾಡಿಗೆ ಮನೆಯಲ್ಲಿರುತ್ತಾಳೆ. ನಲ್ಲಿ ರಿಪೇರಿಗೆ ಬಂದವನು "ಯಜಮಾನರು ಇಲ್ವಾ?" ಎಂದು ಕೇಳಿ ಕೇಳಿ ತಲೆ ತಿಂದಾಗ, ಆಕೆ ಬೇಸತ್ತು "ಹಡಗಿನ ಮೇಲಿದ್ದಾರೆ" ಎಂದುಬಿಡುತ್ತಾಳೆ. ಅಷ್ಟಕ್ಕೇ ನಿಲ್ಲುತ್ತಿತ್ತು, ಆದರೆ ತಾಯಿ ಒಳಗಿನಿಂದ ಬಂದು, "ನಮ್ಮ ಅಳಿಯಂದಿರಿಗೆ ಸಮುದ್ರದ ಗಾಳಿ ಒಗ್ಗಲ್ಲ ಪಾಪ, ಸದಾ ನೆಗಡಿ" ಎಂದು ಸೇರಿಸುತ್ತಾಳೆ. ಇಲ್ಲದ ಅಳಿಯನಿಗೆ ಬಡ್ತಿಯಾಗುತ್ತದೆ, ಮೀಸೆ ಬರುತ್ತದೆ, ಬೀದಿಯವರು ಅವನಿಗೆ ನೆಗಡಿಯ ಔಷಧ ಕಳಿಸುತ್ತಾರೆ. ಕೊನೆಗೆ ಅವನನ್ನು ಸಾಯಿಸದೆ ಗತಿಯಿಲ್ಲವಾಗಿ, ಸಂತಾಪಕ್ಕೆ ಬಂದವರ ನಡುವೆ ಎಲ್ಲರಿಗಿಂತ ಗಟ್ಟಿಯಾಗಿ ಅತ್ತವಳು ಆ ತಾಯಿಯೇ.

"ಎಂಥಾ ತಾಯಿ ಅಂತೀನಿ!" ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಗಳಿಗೋಸ್ಕರ ಇಲ್ಲದ ಅಳಿಯನಿಗೆ ಅತ್ತಳಲ್ಲ. ಇಡೀ ಪುಸ್ತಕದಲ್ಲಿ ಅವಳೊಬ್ಬಳೇ ಮನುಷ್ಯಳು ನೋಡು."

"ನನಗಂತೂ ಇಂಥಾ ಗಂಡ ಸಿಕ್ಕಿದ್ರೆ ಸಾಕಿತ್ತು," ಎಂದಳು ದರ್ಜಿ ಹೆಂಗಸು. "ಹಡಗಿನ ಮೇಲೇ ಇರ್ತಾನೆ, ಕುಡಿದು ಮನೆಗೆ ಬರೋದು ತಪ್ಪುತ್ತೆ."

ತಮ್ಮ ಪತ್ರಿಕೆಯನ್ನು ಮಡಿಸಿದನು. "ನನಗೆ ಇದು ಸರಿ ಕಾಣಲ್ಲ. ಮದುವೆ ಆಗದೆ ಉಳಿದೋರು ಅಂದ್ರೆ ನಗೆಪಾಟಲಾ? ಯಾರಿಗೋಸ್ಕರ ಉಳಿದ್ರು ಅಂತ ಬರೆದವರು ವಿಚಾರ ಮಾಡಬೇಕಿತ್ತು."

ಆತನು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಮನೆಗೆ ಬಂದವರ ಮುಂದೆಲ್ಲ ಆತನು ತಪ್ಪದೆ ಹೇಳುತ್ತಿದ್ದ ಮಾತೊಂದಿತ್ತು: "ಅಪ್ಪ ಹೋದಾಗ ನನಗೆ ಹದಿನಾರು. ನನ್ನನ್ನ ಓದಿಸೋದಕ್ಕೋಸ್ಕರ ನಮ್ಮಕ್ಕ ಬಂದ ಸಂಬಂಧಾನೇ ಬೇಡ ಅಂದ್ಲು." ಆ ಮಾತಿನ ಮೇಲೆ ಕರಡಕ್ಕನ ಸ್ಥಾನ ನಿಂತಿತ್ತು. ಆಕೆ ಕೂರದೆ ತಮ್ಮ ಊಟಕ್ಕೆ ಕೂರುತ್ತಿರಲಿಲ್ಲ. ಮಗಳನ್ನು ಯಾವ ಶಾಲೆಗೆ ಸೇರಿಸಬೇಕು, ಗೋಡೆಗೆ ಯಾವ ಬಣ್ಣ ಬಳಿಸಬೇಕು, ಎಲ್ಲಕ್ಕೂ "ಅಕ್ಕನ್ನ ಕೇಳೋಣ." ಗಾಳಿ ಬೆಳಕಿನ ಮುಂಗೋಣೆ ಆಕೆಯದಾಗಿತ್ತು, ಗಂಡ ಹೆಂಡತಿ ಹಿಂದಿನ ಇಕ್ಕಟ್ಟಿನಲ್ಲಿ ಮಲಗುತ್ತಿದ್ದರು. ಇಪ್ಪತ್ತೆರಡು ವರ್ಷ ಇದನ್ನು ನೋಡಿದ ತಮ್ಮನ ಹೆಂಡತಿ ಎದುರು ಮಾತಾಡಿದವಳಲ್ಲ. ಆದರೆ ಪುಸ್ತಕದ ವಿಷಯದಲ್ಲಿ ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ.

"ನನಗೆ ನಗು ಬರಲ್ಲಪ್ಪ," ಎಂದಳು ಹುರುಳಿಕಾಯಿಯ ನಾರು ತೆಗೆಯುತ್ತ. "ಇಷ್ಟು ಪುಟ ಆಯ್ತು, ಆ ಹೆಂಗಸು ಒಂದು ಪಾತ್ರೆ ತೊಳೆದಿದ್ದಿಲ್ಲ. ಬರ್ತಾಳೆ, ಕೂರ್ತಾಳೆ, ಊಟ ಮುಂದೆ ಬರುತ್ತೆ. ಬೇಯಿಸಿದೋರು ಯಾರು, ಬಡಿಸಿದೋರು ಯಾರು ಅಂತ ಒಂದು ಸಾಲಾದ್ರೂ ಬೇಡ್ವಾ ಅಕ್ಕ?"

"ಮುಂದೆ ಬರಬಹುದು," ಎಂದು ಕರಡಕ್ಕ ಪುಟ ಮಗುಚಿದಳು.

ತಮ್ಮನ ಹೆಂಡತಿಗೆ ಪುಸ್ತಕದ ಮೇಲೆ ಸಿಟ್ಟು ಬರಲು ಮತ್ತೊಂದು ಕಾರಣವೂ ಇತ್ತು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ದುಡಿಯುತ್ತಿದ್ದ ಇಪ್ಪತ್ತೊಂದರ ಮಗಳನ್ನು ಹಿಂದಿನ ತಿಂಗಳು ಒಂದು ಮನೆಯವರು ನೋಡಿ ಹೋಗಿದ್ದರು. ಅವರಿಗೆ ಒಪ್ಪಿಗೆ, ಹುಡುಗಿಯ ಉತ್ತರ ಮಾತ್ರ ಹೊರಡುತ್ತಿರಲಿಲ್ಲ. ಅವಳು ಸ್ನೇಹಿತೆಯ ಪ್ರತಿಯನ್ನು ಲ್ಯಾಬಿನಲ್ಲೇ ಬಿಡುವಿನಲ್ಲಿ ಓದುತ್ತಿದ್ದಳು. "ಏನೂ ಅವಸರ ಇಲ್ಲಮ್ಮ. ಅತ್ತೆ ಹಾಗೆ ಆರಾಮಾಗಿ ಇದ್ದುಬಿಡ್ತೀನಿ" ಎಂದು ಊಟದ ಹೊತ್ತಿಗೆ ಒಂದು ದಿನ ನಗುತ್ತ ಹೇಳಿದಾಗ, ಅವಳ ತಾಯಿಯ ಕೈಯ ಸೌಟು ಪಾತ್ರೆಯ ಅಂಚಿಗೆ ಠಣ್ಣೆಂದು ಬಡಿಯಿತು.

"ಅವಳು ಹೇಳೋದರಲ್ಲಿ ತಪ್ಪೇನು?" ಎಂದಳು ಅಜ್ಜಿ. "ಬೇಡ ಅಂತ ಹೇಳಿ ಕಳಿಸಿ. ಮನೇಲಿ ಒಂದು ಹೆಣ್ಣುಮಗು ಓಡಾಡ್ಕೊಂಡಿರಲಿ."

ಹದಿನಾಲ್ಕನೆಯ ಅಧ್ಯಾಯ ಎರಡನೆಯ ವಾರದಲ್ಲಿ ಬಂದಿತು. ಆ ಸಂಜೆ ಹುಡುಗಿಗೆ ಲ್ಯಾಬಿನಲ್ಲಿ ಕೆಲಸವಿತ್ತು. ಪುಸ್ತಕದಲ್ಲಿ ಹೀಗಿತ್ತು: ತಾಯಿ ಮಗಳು ಉಣ್ಣುವ ಮೇಜಿಗೆ ಒಂದು ಕಾಲು ಗಿಡ್ಡ, ತಟ್ಟೆ ಇಟ್ಟರೆ ಜಾರುತ್ತದೆ. ಒಂದು ದಿನ ಅಂಚೆಯಲ್ಲಿ ತಾಯಿಯ ಹೆಸರಿಗೆ ಕಾಗದ ಬರುತ್ತದೆ. ಮಗಳನ್ನು ಮೆಚ್ಚಿದ ಸಭ್ಯ ಗೃಹಸ್ಥನೊಬ್ಬ ಮದುವೆಗೆ ಒಪ್ಪಿಗೆ ಕೇಳಿ ಬರೆದದ್ದು. ತಾಯಿ ನಿಂತಲ್ಲೇ ಎರಡು ಸಲ ಓದಿ, ನಾಲ್ಕಾಗಿ ಮಡಿಸಿ, ಎಂಟಾಗಿ ಮಡಿಸಿ, ಮೇಜಿನ ಗಿಡ್ಡ ಕಾಲಿನಡಿ ತುರುಕುತ್ತಾಳೆ. ಮೇಜು ಅಲ್ಲಾಡುವುದು ನಿಲ್ಲುತ್ತದೆ. ಸಂಜೆ ಬಂದ ಮಗಳು ತಾಯಿಯ ಜಾಣತನವನ್ನು ಮೆಚ್ಚಿ, ಆ ಮೇಜಿನ ಮೇಲೆ ಹನ್ನೊಂದು ವರ್ಷ ನೆಮ್ಮದಿಯಾಗಿ ಉಣ್ಣುತ್ತಾಳೆ.

ಕರಡಕ್ಕ ಗಿಡ್ಡ ಕಾಲಿನವರೆಗೆ ಓದಿದಳು. ಮುಂದಿನ ಸಾಲಿನ ಮೇಲೆ ಕಣ್ಣಿತ್ತು, ನಾಲಿಗೆ ಏಳಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ಚಿತ್ರಕಲೆಯ ಮೇಷ್ಟರೊಬ್ಬರು ಪಠ್ಯಪುಸ್ತಕದ ಚಿತ್ರಗಳನ್ನು ಹಿಡಿದು ಮುದ್ರಣಾಲಯಕ್ಕೆ ಬರುತ್ತಿದ್ದರು. ಒಂದು ಮಧ್ಯಾಹ್ನ ಅವರು ಆಕೆಯ ಮೇಜಿನ ಬಳಿ ನಿಂತು, "ನಿಮ್ಮ ತಾಯಿಯವರಿಗೆ ಬರೆದು ಎರಡು ತಿಂಗಳಾಯ್ತು, ಉತ್ತರ ಬರಲಿಲ್ಲ" ಎಂದಿದ್ದರು. ಆಕೆಗೆ ಯಾವ ಕಾಗದದ ಸುದ್ದಿಯೂ ಗೊತ್ತಿರಲಿಲ್ಲ. ಮನೆಗೆ ಬಂದು ಆಕೆ ಏನನ್ನೂ ಕೇಳಲಿಲ್ಲ. ತಂದೆ ಸತ್ತು ವರ್ಷ ತುಂಬಿರಲಿಲ್ಲ, ತಮ್ಮ ಶಾಲೆಯಲ್ಲಿದ್ದ, ಮನೆ ನಡೆಯುತ್ತಿದ್ದುದು ಆಕೆಯ ಸಂಬಳದಿಂದ. ತಾಯಿ ಯಾಕೆ ಹಾಗೆ ಮಾಡಿದಳೆಂಬುದನ್ನು ಆಕೆ ತಾನೇ ಅರ್ಥ ಮಾಡಿಕೊಂಡಳು. ಕೆಲವು ತಿಂಗಳ ಮೇಲೆ ತಾಯಿ ನೆಂಟರಿಗೆ "ಇವಳೇ ಬೇಡ ಅಂದ್ಲು, ತಮ್ಮನ್ನ ಓದಿಸಬೇಕಂತೆ" ಎಂದು ಹೇಳುವುದು ಕಿವಿಗೆ ಬಿದ್ದಾಗಲೂ ಅಲ್ಲಗಳೆಯಲಿಲ್ಲ. ಬರಬರುತ್ತ ಅದೇ ನಿಜವಾಗಿ, ಆಕೆಗೂ ಅದರಲ್ಲೊಂದು ಗೌರವ ದೊರಕಿತ್ತು.

"ಯಾಕೆ ನಿಲ್ಲಿಸಿದೆ?" ಎಂದಳು ತಾಯಿ. "ಮೇಜಿಗೇನಾಯ್ತು?"

"ತಾಯಿ ಗೋಡೆಯ ಮೇಲಿದ್ದ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಹರಿದು," ಎಂದು ಕರಡಕ್ಕ ಓದಿನ ಧಾಟಿ ಕೆಡದಂತೆ ಹೇಳಿದಳು, "ಎಂಟಾಗಿ ಮಡಿಸಿ, ಮೇಜಿನ ಕಾಲಿನಡಿ ತುರುಕಿದಳು."

"ಜಾಣೆ," ಎಂದು ಮುದುಕಿ ತಲೆದೂಗಿದಳು.

ಕರಡು ತಿದ್ದುವುದರಲ್ಲಿ ಪಳಗಿದ ಆಕೆಗೆ ತಿಳಿಯದೆ ಹೋದದ್ದು ಒಂದೇ: ಒಂದು ಕಡೆ ತಿದ್ದಿದರೆ ಮುಂದೆ ಎಲ್ಲೆಲ್ಲಿ ತಿದ್ದಬೇಕಾಗುತ್ತದೆಂಬುದು. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ನಾಯಕಿ ಮನೆ ಬದಲಿಸುತ್ತಾಳೆ. ಕೂಲಿಯವರು ಮೇಜೆತ್ತಿದಾಗ ಕಾಗದ ಬೀಳುತ್ತದೆ. ಬರಿದಾದ ಕೋಣೆಯಲ್ಲಿ ನಿಂತು ಅದನ್ನು ಓದಿದ ನಾಯಕಿ ನಗತೊಡಗುತ್ತಾಳೆ. ಕೂಲಿಯವರು ಹೆದರಿ ಮೇಜನ್ನು ಇಳಿಸುವಷ್ಟು ನಗುತ್ತಾಳೆ. ಕರಡಕ್ಕ ಕ್ಯಾಲೆಂಡರಿನ ಹಾಳೆಯನ್ನೇ ಬೀಳಿಸಿದಳು. ನಗುವನ್ನು ಮಾತ್ರ ಇದ್ದ ಹಾಗೆಯೇ ಓದಿದಳು.

"ಇದೇನೇ ಇದು?" ತಾಯಿ ಹುಬ್ಬು ಗಂಟಿಕ್ಕಿದಳು. "ಕ್ಯಾಲೆಂಡರ್ ಹಾಳೆ ನೋಡಿ ಯಾರಾದ್ರೂ ಹಾಗೆ ನಗ್ತಾರಾ? ಇಲ್ಲಿ ಬರೆದವಳು ಎಡವಿದ್ದಾಳೆ."

ಆ ಸಂಜೆ ಹುಡುಗಿ ಮನೆಯಲ್ಲಿದ್ದಳು. ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ತಿರುಗಿದಳು. "ಕ್ಯಾಲೆಂಡರಾ? ಅಜ್ಜಿ, ಅದು ಕಾಗದ. ಆ ಅಮ್ಮ ಬಚ್ಚಿಟ್ಟಿದ್ದ ಮದುವೆ ಕಾಗದ. ನಮ್ಮ ಲ್ಯಾಬಲ್ಲಿ ಇದರ ಮೇಲೇ ಎರಡು ಗುಂಪಾಗಿದೆ. ಅರ್ಧ ಜನ ಆ ಅಮ್ಮ ರಾಕ್ಷಸಿ ಅಂತಾರೆ, ಅರ್ಧ ಜನ..." ಇಷ್ಟು ಹೇಳುವಷ್ಟರಲ್ಲಿ ಅತ್ತೆಯ ಮುಖ ಕಂಡು ನಾಲಿಗೆ ಕಚ್ಚಿಕೊಂಡಳು.

"ಆ ತಾಯಿ ರಾಕ್ಷಸಿನಾ? ಅಳಿಯನಿಗೆ ಅತ್ತವಳು? ನೀನು ಬೇರೆ ಯಾವುದೋ ಪುಸ್ತಕ ಓದಿದ್ದೀಯ, ಕೂಸೇ."

ಹುಡುಗಿ ಬಾಚಣಿಗೆ ಕಿತ್ತುಕೊಂಡು ಎದ್ದು ಒಳಗೆ ಹೋದಳು. ಮುದುಕಿಗೆ ಅಷ್ಟೇ ಸಾಕಾಯಿತು.

"ಅಕ್ಕ ಇಲ್ಲದ್ದನ್ನ ಯಾಕಮ್ಮ ಓದ್ತಾಳೆ?" ಎಂದನು ತಮ್ಮ. "ಮುದ್ರಣದಲ್ಲೇ ವ್ಯತ್ಯಾಸ ಇರುತ್ತೆ. ಅಲ್ವೇನಕ್ಕ?"

ಕರಡಕ್ಕ ಪುಸ್ತಕ ಮುಚ್ಚಿ, "ಇವತ್ತಿಗೆ ಸಾಕು" ಎಂದು ಎದ್ದಳು.

ಮರುದಿನದಿಂದ ಮುದುಕಿ ಓದಿಸಿಕೊಳ್ಳಲಿಲ್ಲ. ಚಹಾದ ಲೋಟ ಕೆಳಗಿಟ್ಟೊಡನೆ ಗೋಡೆಯ ಕಡೆ ತಿರುಗಿ, "ಕಣ್ಣಿಲ್ಲದವಳಿಗೆ ಏನು ಬೇಕಾದ್ರೂ ಓದಬಹುದು" ಎನ್ನುತ್ತಿದ್ದಳು. ನಾಲ್ಕು ಸಂಜೆ ಹೀಗೆ ಕಳೆದವು. ಅಡುಗೆಮನೆಯಲ್ಲಿ ತಟ್ಟೆ ಒರೆಸುತ್ತ ಹುಡುಗಿ ಮೆಲ್ಲಗೆ ಕೇಳಿದಳು: "ಯಾಕೆ ಬದಲಾಯಿಸಿದ್ರಿ ಅತ್ತೆ?"

"ನಿಮ್ಮಜ್ಜಿಗೆ ನೋವಾಗುತ್ತೆ ಅಂತ."

"ಕಥೇಲಿರೋ ಅಮ್ಮ ಮಾಡಿದ್ದಕ್ಕೆ ಅಜ್ಜಿಗ್ಯಾಕೆ ನೋವು?"

ಕರಡಕ್ಕ ಒದ್ದೆಯಾದ ಕೈಗಳನ್ನು ಸೆರಗಿಗೆ ಒರೆಸಿಕೊಂಡು ನಡುಕೋಣೆಗೆ ನಡೆದಳು. ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲವೆಂಬುದನ್ನು ಹುಡುಗಿ ಗಮನಿಸಿದಳು; ಸೌದೆಯಂತೆ ಸೆಟೆದು ಒಲೆಯ ಬಳಿ ನಿಂತಿದ್ದ ಅವಳ ತಾಯಿಯೂ ಗಮನಿಸಿದಳು.

ಭಾನುವಾರ ಮಧ್ಯಾಹ್ನ ಊಟ ಮುಗಿದು ಎಲ್ಲರೂ ಇನ್ನೂ ಮೇಜಿನ ಸುತ್ತ ಇದ್ದಾಗ ಮುದುಕಿ ಅಪ್ಪಣೆ ಮಾಡಿದಳು. "ಕೂಸೇ, ನಿನ್ನ ಪುಸ್ತಕ ತಾ. ಮೇಜಿನ ಕಥೆ ಎರಡು ಕಡೆ ಬರುತ್ತಲ್ಲ, ಎರಡೂ ಓದು. ಒಂದಕ್ಷರ ಬಿಡಬೇಡ."

ಹುಡುಗಿ ಅತ್ತೆಯ ಕಡೆ ನೋಡಿದಳು. ಅತ್ತೆ ತಡೆಯಲಿಲ್ಲ.

ಹುಡುಗಿ ಓದಿದಳು. ಕಾಗದ ಬಂದಿತು, ಎಂಟು ಮಡಿಕೆಯಾಯಿತು, ಕಾಲಿನಡಿ ಸೇರಿತು. ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಅದು ಬಿದ್ದಿತು, ನಾಯಕಿ ನಕ್ಕಳು. ಕರಡಕ್ಕ ಓದದೆ ಬಿಟ್ಟಿದ್ದ ಒಂದು ಸಾಲು ಅಲ್ಲಿತ್ತು. ನಗು ನಿಂತ ಮೇಲೆ ನಾಯಕಿ ಕೂಲಿಯವರಿಗೆ ಹೇಳುತ್ತಾಳೆ: "ಉಳಿದ ಮೂರು ಕಾಲುಗಳ ಕೆಳಗೂ ಒಮ್ಮೆ ನೋಡಿಬಿಡಿ."

ಗುಂಡಿ ಹಾಕುತ್ತ ಕುಳಿತಿದ್ದ ದರ್ಜಿ ಹೆಂಗಸು ಕಿಸಕ್ಕನೆ ನಕ್ಕು, ತನ್ನೊಬ್ಬಳ ನಗುವೇ ಕೇಳಿಸಿದ್ದರಿಂದ ಸುಮ್ಮನಾದಳು.

ಮುದುಕಿ ಮಗಳಿದ್ದ ಕಡೆಗೆ ಮುಖ ಮಾಡಿ, "ಇದಕ್ಕೇನಾ ನೀನು ಮುಚ್ಚಿಟ್ಟಿದ್ದು? ಹಾಗಾದ್ರೆ ನಿನಗೆ ಗೊತ್ತಿತ್ತು," ಎಂದಳು.

"ಗೊತ್ತಿತ್ತಮ್ಮ."

"ಯಾವಾಗಿಂದ?"

"ಆವತ್ತಿಂದಲೇ. ಮೇಷ್ಟರೇ ಬಂದು ಹೇಳಿದ್ರು. ಹೋಗಲಿ ಬಿಡು. ನೀನು ಮಾಡಿದ್ದು ತಪ್ಪು ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಮನೆ ನಡೀಬೇಕಿತ್ತು, ಇವನು ಓದಬೇಕಿತ್ತು."

ತಮ್ಮ ಕುಳಿತಲ್ಲಿಂದ ಅರ್ಧ ಎದ್ದನು. "ಏನಕ್ಕ ಹಾಗಂದ್ರೆ? ನೀನೇ ಬೇಡ ಅಂದಿದ್ದಲ್ವಾ?"

"ಯಾವ ಮೇಷ್ಟ್ರು?" ಎಂದಳು ಮುದುಕಿ.

"ಡ್ರಾಯಿಂಗ್ ಮೇಷ್ಟ್ರು."

"ಓ, ಅವರಾ. ಅದು ಮೊದಲನೇದು." ಮುದುಕಿ ನೆನಪನ್ನು ಬಿಡಿಸಿಡುವವಳಂತೆ ನಿಧಾನವಾಗಿ ಹೇಳಿದಳು. "ನಾನು ಹೇಳಿದ್ದು ಆಮೇಲೆ ಬಂದ ಕಾಗದದ ಮಾತು. ಇವನಿಗೆ ಕೆಲಸ ಸಿಕ್ಕಿ ಮೂರ್ನಾಲ್ಕು ತಿಂಗಳಾಗಿತ್ತು."

ಹುಡುಗಿ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿದಳು.

"ನನಗೆ ಕೆಲಸ ಸಿಕ್ಕ ಮೇಲಾ?" ಎಂದನು ತಮ್ಮ. "ಆಗ ಏನಿತ್ತಮ್ಮ ತೊಂದರೆ?"

"ತೊಂದರೆ ಏನಿಲ್ಲ. ನಿನಗೆ ಮದುವೆ ಆಗುತ್ತೆ, ಹೆಂಡತಿ ಬರ್ತಾಳೆ, ಅಡುಗೆಮನೆ ಅವಳದಾಗುತ್ತೆ. ಈ ಮನೇಲಿ ನನ್ನ ಕಡೆಯವರು ಅಂತ ಒಬ್ಬರಾದ್ರೂ ಬೇಡ್ವಾ ಅನ್ನಿಸ್ತು."

ತಮ್ಮನ ಹೆಂಡತಿ ತಟ್ಟೆಗಳನ್ನು ಜೋಡಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ನಾನು ಆಗಿನ್ನೂ ಬಂದೇ ಇರಲಿಲ್ಲ."

ಕರಡಕ್ಕ ತಮ್ಮನಿಗೆ ಕೆಲಸ ಸಿಕ್ಕ ವರ್ಷವನ್ನು ನೆನಪು ಮಾಡಿಕೊಳ್ಳಲು ಯತ್ನಿಸಿದಳು. ಆ ವರ್ಷ ಯಾರು ಮುದ್ರಣಾಲಯಕ್ಕೆ ಬಂದಿದ್ದರು, ಯಾರು ಒಂದು ಮಾತು ಹೆಚ್ಚಿಗೆ ಆಡಿದ್ದರು, ಯಾರು ಬರುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದ್ದರು. ಒಂದು ಮುಖವೂ ಕಣ್ಣ ಮುಂದೆ ಬರಲಿಲ್ಲ.

"ಯಾರಮ್ಮ ಬರೆದಿದ್ದು?" ಎಂದಳು.

ಮುದುಕಿ ಪ್ರಾಮಾಣಿಕವಾಗಿ ಯೋಚಿಸಿದಳು. "ಹೆಸರು ನೆನಪಿಲ್ಲ ಕಣೇ," ಎಂದಳು ಕೊನೆಗೆ. "ಅಕ್ಷರ ಬಹಳ ಚೆನ್ನಾಗಿತ್ತು."

ಅನಂತರ ಆ ಮನೆಯಲ್ಲಿ ಕೂಗಾಟವಾಗಲಿಲ್ಲ, ಆಗಿದ್ದರೆ ಒಳ್ಳೆಯದಿತ್ತೇನೋ. ಕರಡಕ್ಕ ಸಂಜೆ ತಡವಾಗಿ ಬರತೊಡಗಿದಳು. ಮುದುಕಿ ಆರು ಗಂಟೆಗೆ ತನ್ನ ಕುರ್ಚಿಯಲ್ಲಿ ಕುಳಿತು ಬಾಗಿಲ ಕಡೆ ಕಿವಿಗೊಡುತ್ತಿದ್ದಳು, ಯಾರೂ ಓದಲಿಲ್ಲ. ಕಾದಂಬರಿಯ ಕೊನೆಯ ಮೂರು ಅಧ್ಯಾಯಗಳು ಹಾಗೆಯೇ ಉಳಿದವು. ದರ್ಜಿ ಹೆಂಗಸು ಗುಂಡಿಗಳನ್ನು ತನ್ನ ಮನೆಯಲ್ಲೇ ಹಾಕಿಕೊಂಡಳು. ಹುಡುಗಿ ತನ್ನನ್ನು ನೋಡಿ ಹೋದ ಮನೆಯವರಿಗೆ ಉತ್ತರವನ್ನು ತಾನೇ ಬರೆದು, ತಾನೇ ಅಂಚೆಗೆ ಹಾಕಿ ಬಂದಳು. ಏನು ಬರೆದಳೆಂಬುದನ್ನು ಅಪ್ಪ ಅಮ್ಮನಿಗೆ ಹೇಳಿದಳು, ಅಜ್ಜಿ ಎರಡು ಸಲ ಕೇಳಿದರೂ ಹೇಳಲಿಲ್ಲ.

ಒಂದು ಬುಧವಾರ ಕರಡಕ್ಕ ಬರುವಷ್ಟರಲ್ಲಿ ತಮ್ಮನ ಊಟವಾಗಿತ್ತು.

"ಹಸಿವಾಗಿತ್ತಂತೆ ಅಕ್ಕ. ನಿಮ್ಮದು ಮುಚ್ಚಿಟ್ಟಿದ್ದೀನಿ," ಎಂದಳು ಆತನ ಹೆಂಡತಿ. ದನಿಯಲ್ಲಿ ಕುಹಕವಿರಲಿಲ್ಲ. ಆಕೆ ಎಂದಿಗಿಂತ ಮೆತ್ತಗೆ ಮಾತಾಡಿದಳು. ಕರಡಕ್ಕನಿಗೆ ಅದೇ ಹೆಚ್ಚು ಚುಚ್ಚಿತು.

ಆ ವಾರದ ಕೊನೆಗೆ ತಮ್ಮ ಮುದ್ರಣಾಲಯಕ್ಕೆ ಬಂದನು. ಇಷ್ಟು ವರ್ಷಗಳಲ್ಲಿ ಆತನು ಅಲ್ಲಿಗೆ ಬಂದದ್ದೇ ಇಲ್ಲ. ಯಂತ್ರಗಳ ಸದ್ದು ನಿಂತ ಊಟದ ಬಿಡುವು; ಮಹಡಿಯ ಕರಡಿನ ಕೋಣೆಯಲ್ಲಿ ಕರಡಕ್ಕ ಒಬ್ಬಳೇ ಡಬ್ಬಿ ಬಿಚ್ಚಿ ಕುಳಿತಿದ್ದಳು. ಬಾಗಿಲಲ್ಲಿ ನಿಂತ ತಮ್ಮನಿಗೆ ಕೂರಲು ಸ್ಟೂಲು ತೋರಿಸಿದಳು. ಆತನು ಕೂರಲಿಲ್ಲ.

"ಅಕ್ಕ, ನನಗೆ ಗೊತ್ತಿರಲಿಲ್ಲ."

"ನನಗೂ ಗೊತ್ತಿರಲಿಲ್ಲ ಕಣೋ."

ಆತನು ಮೇಜಿನ ಮೇಲಿದ್ದ ಕರಡಿನ ಹಾಳೆಗಳನ್ನು ಸರಿಪಡಿಸಿದನು. ಅವು ಸರಿಯಾಗಿಯೇ ಇದ್ದವು. "ಇಷ್ಟು ವರ್ಷ ಏನು ಮಾಡೋಕೆ ಹೋದ್ರೂ ಅಕ್ಕ ನನಗೋಸ್ಕರ ಹೀಗಾದ್ಲು ಅಂತ ಎದೆ ಮೇಲೆ ಕೂತಿರ್ತಿತ್ತು. ಹೊಸ ಬಟ್ಟೆ ಹಾಕಿದ್ರೂ, ಮಗಳು ಹುಟ್ಟಿದಾಗ್ಲೂ. ಇವಳ ಜೊತೆ ನಕ್ಕು ಮಾತಾಡ್ಬೇಕಾದ್ರೂ ನೀನು ಒಳಗಿದ್ದೀಯಾ ಅಂತ ನೋಡ್ಕೋತಿದ್ದೆ."

ಕರಡಕ್ಕ ತಮ್ಮನ ಮುಖವನ್ನೇ ನೋಡಿದಳು. ಅಳುತ್ತಾನೇನೋ ಎಂದುಕೊಂಡಿದ್ದಳು. ಆದರೆ ಆ ಮುಖದಲ್ಲಿ ಕಂಡದ್ದು ದುಃಖವಾಗಿರಲಿಲ್ಲ.

"ಹಾಗಾದ್ರೆ ಅದು ನನ್ನಿಂದಲ್ಲ," ಎಂದನು ಆತನು. "ಅಲ್ವೇನಕ್ಕ?"

ಆ ಮಾತನ್ನು ಕೇಳಲೆಂದೇ ಆತನು ಕಚೇರಿಗೆ ಅರ್ಧ ದಿನ ರಜೆ ಹಾಕಿ ಬಂದಿದ್ದನು. ಮೊದಲನೆಯದು ಆತನ ಸಲುವಾಗಿಯೇ ಹೋದದ್ದೆಂದು ಆಕೆ ನೆನಪಿಸಬಹುದಿತ್ತು. ಹೇಳಿದ್ದರೆ ಮುಂಗೋಣೆ, ಮೇಜಿನ ಮೊದಲ ತಟ್ಟೆ, ಎಲ್ಲವೂ ಇನ್ನಷ್ಟು ವರ್ಷ ಉಳಿಯುತ್ತಿದ್ದವು.

"ನಿನ್ನಿಂದಲ್ಲ," ಎಂದಳು. "ಹೋಗು, ಬಿಸಿಲೇರುತ್ತೆ."

ಆತನು ಅಕ್ಕನ ಭುಜವನ್ನು ಒಮ್ಮೆ ಮುಟ್ಟಿ ಹೊರಟನು. ಕಿಟಕಿಯ ಹೊರಗೆ ಕಲ್ಲಿನ ಮೆಟ್ಟಿಲುಗಳು ಕಾಣುತ್ತಿದ್ದವು. ನಲವತ್ತೇಳು ವರ್ಷದ, ತಲೆ ನರೆತ ಆ ಗುಮಾಸ್ತ ಅವನ್ನು ಎರಡೆರಡಾಗಿ ಇಳಿದು, ಹಿಂದಿರುಗಿ ನೋಡದೆ ಬೀದಿಗೆ ಸೇರಿಕೊಂಡನು.